ಗದ್ದೆಗೆ ಏರಿ ಬರುತ್ತಿದ್ದ ಮೀನು

ವೇಣೂರಿಗೆ ಬಂದ ಯಾತ್ರಿಕನ ದೃಷ್ಟಿ ಸಹಜವಾಗಿಯೇ ಮೇಲಕ್ಕೆ ಹೋಗುತ್ತದೆ. ಫಲ್ಗುಣೀ ನದಿಯ ದಂಡೆಯಲ್ಲಿ, ಆಕಾಶವಲ್ಲದೆ ಬೇರೆ ಚಾವಣಿಯಿಲ್ಲದೆ, ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿರುವ 35 ಅಡಿಗಳ ಬಾಹುಬಲಿಯನ್ನು ಕಂಡ ಮೇಲೆ, ಅನತಿದೂರದಲ್ಲಿ ಹರಿಯುವ ನೀರನ್ನು ಬಗ್ಗಿ ನೋಡುವ ವ್ಯವಧಾನ ಎಷ್ಟು ಮಂದಿಗೆ ಉಳಿದೀತು? ಶಾಲಿವಾಹನ ಶಕ 1525ರ ಶೋಭಕೃತ್ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. 1604ರಲ್ಲಿ, ಅಜಿಲ ವಂಶದ ತಿಮ್ಮರಾಜನು ಬೆಳಗೊಳದ ಚಾರುಕೀರ್ತಿ ಪಂಡಿತದೇವರ ಆದೇಶವನ್ನು ಶಿರಸಾವಹಿಸಿ ಈ ಮೂರ್ತಿಯನ್ನು ಪ್ರತಿಷ್ಠಿಸಿದನೆಂಬುದನ್ನು ಅದರ ಪಕ್ಕದ ಶಾಸನವೇ ಸಾರುತ್ತದೆ. ಅಕ್ಕಂಗಳ ಬಸದಿ, ಬಿನ್ನಾಣಿ ಬಸದಿ, ಶಾಂತೀಶ್ವರ ಬಸದಿಗಳ ಕಲ್ಲುಗಳೂ ತಮ್ಮ ತಮ್ಮ ಕಾಲದ ಸಂಗತಿಗಳನ್ನು ಕೆತ್ತಿಸಿಕೊಂಡು ಕುಳಿತಿವೆ. ಹೀಗೆ ಶಿಲೆಯ ಚರಿತ್ರೆಗೆ ಇಲ್ಲಿ ಬಡತನವಿಲ್ಲ.

ನದಿಯಾದರೋ ಈ ಚರಿತ್ರೆಯೊಳಗೆ ಒಮ್ಮೆ ಮಾತ್ರ, ಅದೂ ಐತಿಹ್ಯದ ಬಾಗಿಲಿನಿಂದ, ಪ್ರವೇಶಿಸುತ್ತದೆ. 1432ರಲ್ಲಿ ಪ್ರತಿಷ್ಠಿತವಾಗಿದ್ದ ತಮ್ಮ ಕಾರ್ಕಳದ ಗೊಮ್ಮಟನಿಗೆ ಸಮೀಪದಲ್ಲಿಯೇ ಇನ್ನೊಬ್ಬ ಗೊಮ್ಮಟನು ಎದ್ದು ನಿಲ್ಲುವುದನ್ನು ಅಲ್ಲಿಯ ಭೈರರಸರು ಸಹಿಸದೆ ದಂಡೆತ್ತಿ ಬಂದಾಗ, ಅಜಿಲರಸನು ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂಳಿಸಿ ಕಾಪಾಡಿದನೆಂದು ಸೀಮೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಕಥೆಯ ನಿಜಾನಿಜ ಹೇಗೇ ಇರಲಿ. ವೇಣೂರಿನ ದೊಡ್ಡ ಮೂರ್ತಿಯನ್ನು ಕೆಲಕಾಲ ಮಡಿಲಲ್ಲಿಟ್ಟುಕೊಂಡಿತೆಂದು ಪ್ರತೀತಿಯುಳ್ಳ ಅದೇ ಮರಳಿನ ಮೇಲೆ, ಅಂಗೈಯುದ್ದದ ಮೀನುಗಳು ಹಿಂಡುಹಿಂಡಾಗಿ ಅಂದೂ ಆಡುತ್ತಿದ್ದವು, ಇಂದೂ ಆಡುತ್ತಿವೆ. ಅವುಗಳ ಪೂರ್ವವೃತ್ತಾಂತವನ್ನು ಬಲ್ಲಷ್ಟು ಮಟ್ಟಿಗೆ ಸಂಗ್ರಹಿಸುವುದು ಈ ಬರಹದ ಉದ್ದೇಶ.

ಮೀನೆಂಬ ಪ್ರಾಣಿಗೆ ಈ ನಾಡಿನ ಅರಸುಮನೆತನಗಳಲ್ಲಿ ಗೌರವವಿರಲಿಲ್ಲವೆಂದಲ್ಲ. ತುಳುನಾಡನ್ನು ಶತಮಾನಗಳ ಪರ್ಯಂತ ಆಳಿದ ಆಳುಪರ ಲಾಂಛನವೇ ಮತ್ಸ್ಯಯುಗ್ಮ. ಪಾಂಡ್ಯ ಧನಂಜಯನೆಂಬ ಬಿರುದನ್ನು ಹೊತ್ತ ಅವರ ಚಿನ್ನದ ನಾಣ್ಯಗಳ ಮೇಲೆ ಜೋಡಿ ಮೀನುಗಳು ಇಂದಿಗೂ ಹೊಳೆಯುತ್ತವೆ. ಜೈನರ ಅಷ್ಟಮಂಗಲ ದ್ರವ್ಯಗಳ ಎಣಿಕೆಯಲ್ಲಿ ಮತ್ಸ್ಯಯುಗಲಕ್ಕೆ ಸ್ಥಾನವಿದೆ. ಹದಿನೆಂಟನೆಯ ತೀರ್ಥಂಕರನಾದ ಅರನಾಥನ ಲಾಂಛನ ದಿಗಂಬರ ಸಂಪ್ರದಾಯದಂತೆ ಮೀನೇ. ಆದರೆ ನಾಣ್ಯದ ಮೀನಿಗೂ ಪೀಠದ ಮೀನಿಗೂ ಜಾತಿಯಿಲ್ಲ, ಊರಿಲ್ಲ, ಮಳೆಗಾಲವಿಲ್ಲ. ತೋಡಿನ ಮೀನಿನ ಮಾತು ಬೇರೆ. ಅದನ್ನು ಅರಿತವರು ಅಕ್ಷರವನ್ನು ಹಿಡಿದವರಲ್ಲ. ಅಕ್ಷರವನ್ನು ಹಿಡಿದವರು, ಎಂದರೆ ಶಾಸನ ಬರೆಯಿಸಿದ ಜೈನ ಬಲ್ಲಾಳರೂ ಕಡತ ಬರೆದ ವೈದಿಕರೂ, ಮೀನನ್ನು ಅಡುಗೆಮನೆಯ ಹತ್ತಿರ ಸುಳಿಯಗೊಡದವರು. ಗದ್ದೆಯಲ್ಲಿ ಮೀನು ಹಿಡಿದು ತಿಂದವನಿಗೆ ಬರೆಯುವ ಪ್ರಮೇಯವಿರಲಿಲ್ಲ. ಬರೆಯುವವನಿಗೆ ಮೀನಿನ ಪ್ರಮೇಯವಿರಲಿಲ್ಲ. ಈ ಎರಡರ ನಡುವಣ ಕಂಡಿಯಲ್ಲಿಯೇ ನಮ್ಮ ಸಣ್ಣ ಮೀನಿನ ಇತಿಹಾಸವು ನುಸುಳಿ ಹೋಗಿದೆಯೆಂದು ನನ್ನ ಅಭಿಪ್ರಾಯ.

ಹಾಗಿದ್ದರೆ ಆ ಮೀನು ಯಾವುದು? ಒಂದೇ ಅಲ್ಲ. ಫಲ್ಗುಣಿಯಲ್ಲಿಯೂ ಅದಕ್ಕೆ ಕೂಡುವ ತೋಡುಗಳಲ್ಲಿಯೂ ಹಿಂಡುಗಟ್ಟಿ ತಿರುಗುವ ಸಣ್ಣ ಜಾತಿಗಳು ಹಲವು. ಅವುಗಳಲ್ಲಿ ಎಲ್ಲರ ಕಣ್ಣಿಗೂ ಬೀಳತಕ್ಕದ್ದು ಪಕ್ಕೆ ಮೀನುಗಳ ಕುಲದ ಒಂದು ಜಾತಿ. ಶಾಸ್ತ್ರಜ್ಞರು ಅದನ್ನು ಈಗ ಡಾಕಿನ್ಸಿಯ ಫಿಲಮೆಂಟೋಸಾ ಎನ್ನುತ್ತಾರೆ. ಬೇಸಗೆಯ ಮುಂಜಾನೆ, ನೀರು ಮೊಣಕಾಲುದ್ದಕ್ಕೆ ಇಳಿದು ತಳದ ನೊರಜುಗಲ್ಲು ಕಾಣುವ ಕಾಲದಲ್ಲಿ, ನೆರಳು ನೀರಿನ ಮೇಲೆ ಬೀಳದಂತೆ ದಡದಲ್ಲಿ ಕುಳಿತು ನೋಡಬೇಕು. ಗೇಣುದ್ದಕ್ಕಿಂತ ಕಡಿಮೆಯಾದ, ಪಕ್ಕದಿಂದ ಅದುಮಿದಂತಿರುವ ಮೈ; ಬೆನ್ನು ಪಾಚಿಯ ಹಸಿರು, ಹೊಟ್ಟೆ ಬೆಳ್ಳಿ; ಬಾಲದ ಬುಡಕ್ಕೆ ತುಸು ಮುಂದೆ ಪಾರ್ಶ್ವದಲ್ಲಿ ಅಂಡಾಕಾರದ ಒಂದು ಕರಿಯ ಮಚ್ಚೆ; ಕವಲೊಡೆದ ಬಾಲದ ಎರಡು ತುದಿಗಳಲ್ಲಿಯೂ ಕೆಂಪು, ಅದರಾಚೆ ಕಪ್ಪು. ಮರಿಗಳಿಗೆ ಈ ಮಚ್ಚೆಯ ಬದಲು ಮೈಗೆ ಅಡ್ಡಲಾಗಿ ಕರಿಯ ಪಟ್ಟಿಗಳಿರುವುದರಿಂದ, ತಾಯಿಮೀನನ್ನೂ ಮರಿಯನ್ನೂ ಒಂದೇ ಕೈಯಲ್ಲಿ ಹಿಡಿದು ನೋಡಿದವನು ಇವೆರಡೂ ಬೇರೆ ಬೇರೆ ಜಾತಿಯೆಂದೇ ಪ್ರಮಾಣ ಮಾಡಿಯಾನು. ಗಂಡು ಪ್ರಾಯಕ್ಕೆ ಬಂದಾಗ ಬೆನ್ನಿನ ಈಜುರೆಕ್ಕೆಯ ಕಡ್ಡಿಗಳು ಪೊರೆಯನ್ನು ಮೀರಿ ಬೆಳೆದು, ಬಿಡಿಬಿಡಿಯಾದ ಎಳೆಗಳಾಗಿ ಬಾಲದ ಕಡೆಗೆ ತೇಲುತ್ತವೆ. ಮೂತಿಯ ಮೇಲೆ ಬಿಳಿಯ ಸಣ್ಣ ಗುಳ್ಳೆಗಳೇಳುತ್ತವೆ. ಮಳೆಗಾಲವು ಸಮೀಪಿಸಿತೆಂಬುದಕ್ಕೆ ನದಿಯೊಳಗಣ ಪಂಚಾಂಗವೆಂದರೆ ಇದೇ.

ಹಿಂಡಿನ ರೀತಿಯೂ ಗಮನಿಸತಕ್ಕದ್ದು. ಹಿಂಡಿಗೆ ನಾಯಕನಿಲ್ಲ. ಪ್ರತಿಯೊಂದು ಮೀನೂ ತನ್ನ ಅಕ್ಕಪಕ್ಕದವುಗಳ ಚಲನೆಯನ್ನು ಕಣ್ಣಿನಿಂದಲೂ, ಮೈಯ ಪಾರ್ಶ್ವದುದ್ದಕ್ಕೂ ಇರುವ ಸಂವೇದನರೇಖೆಯಿಂದಲೂ ಗ್ರಹಿಸುತ್ತ, ಅವಕ್ಕೆ ತೀರ ಸಮೀಪಿಸದೆ ತೀರ ದೂರವೂ ಆಗದೆ ಸಾಗುವುದರಿಂದ, ನೂರು ಮೀನುಗಳು ಒಂದೇ ಕ್ಷಣದಲ್ಲಿ ಹೊರಳಿದಂತೆ ನಮಗೆ ತೋರುತ್ತದೆ. ಮೀಂಚುಳ್ಳಿ ಎರಗಿದಾಗ ಅದರ ಕಣ್ಣಿಗೆ ಒಂದೆಂಬ ಗುರಿಯೇ ಸಿಕ್ಕದು. ಗೆದ್ದ ಹಕ್ಕಿ ಒಂದನ್ನು ಕಚ್ಚಿ ಹಾರಿತೆನ್ನಿ, ಗಾಯವಾದ ಆ ಮೀನಿನ ಚರ್ಮದಿಂದ ನೀರಿಗೆ ಬೆರೆಯುವ ಒಂದು ದ್ರವ್ಯವೇ ಉಳಿದವಕ್ಕೆ ಎಚ್ಚರಿಕೆಯಾಗಿ ಹಿಂಡೆಲ್ಲ ತಳಕ್ಕಿಳಿದು ಅಡಗುತ್ತದೆ. ಈ ವಿಚಿತ್ರವನ್ನು ಯೂರೋಪಿನ ಇಂಥವೇ ಸಣ್ಣ ಮೀನುಗಳಲ್ಲಿ 1938ರಲ್ಲಿ ಮೊದಲು ಗುರುತಿಸಿದವನು, ಜೇನುಹುಳುಗಳ ನೃತ್ಯದ ಅರ್ಥವನ್ನು ಬಿಡಿಸಿ ಪ್ರಖ್ಯಾತನಾದ ಕಾರ್ಲ್ ಫಾನ್ ಫ್ರಿಶ್. ನಮ್ಮ ಪಕ್ಕೆಯೂ ಆ ಮೀನುಗಳ ದೊಡ್ಡ ವಂಶಕ್ಕೇ, ಎಂದರೆ ಕಾಟ್ಲ, ರೋಹುಗಳ ವಂಶಕ್ಕೇ, ಸೇರಿದ್ದು.

ಪಕ್ಕೆಯ ಸಂಗಡಿಗರನ್ನು ಒಂದೆರಡು ಮಾತಿನಲ್ಲಿಯಾದರೂ ನೆನೆಯಬೇಕು. ಘಟ್ಟದ ಬುಡದ ಚುರುಕು ನೀರಿನಲ್ಲಿ, ಮೈಗೆ ಎರಡು ಸಾಲು ನೀಲಿಯ ಚುಕ್ಕೆಗಳನ್ನಿಟ್ಟುಕೊಂಡು ಪ್ರವಾಹಕ್ಕೆ ಎದುರಾಗಿ ನಿಲ್ಲುವ ಒಂದು ಮೀನು ‘ಕೆನರೆನ್ಸಿಸ್’ ಎಂದು ಕೆನರಾ ಜಿಲ್ಲೆಯ ಹೆಸರನ್ನೇ ಹೊತ್ತಿದೆ. ಅದರ ಕೆಳಗಿನ ನಿಧಾನದ ಮಡುಗಳಲ್ಲಿ ಗಾಜಿನಂಥ ಮೈಯೊಳಗೆ ಬೆನ್ನೆಲುಬು ಎಣಿಸಬಹುದಾದಷ್ಟು ಪಾರದರ್ಶಕವಾದ ಇನ್ನೊಂದು ಮೀನಿದೆ. ಅದರ ಹೆಸರಿನ ಪ್ರಸ್ತಾಪ ಮುಂದೆ ಬರುತ್ತದೆ.

ಈ ಹಿಂಡುಗಳೆಲ್ಲ ವರ್ಷದಲ್ಲಿ ಒಮ್ಮೆ ನದಿಯನ್ನು ಬಿಟ್ಟು ಗದ್ದೆಗೆ ಬರುತ್ತಿದ್ದವು. ತುಳುವರಿಗೆ ಅದು ಉಬರ್. ಘಟ್ಟದ ಮೇಲಿನ ಮಲೆನಾಡಿಗರಿಗೆ ಹತ್ತುಮೀನು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ದೈವಗಳ ಕೋಲ ಮುಗಿದು ಗಗ್ಗರ ಬಿಚ್ಚಿಡುತ್ತಾರೆ, ಆಟದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಊರಿನ ಸದ್ದುಗಳೆಲ್ಲ ಹೀಗೆ ಅಡಗಿದ ಮೇಲೆ ಆಕಾಶದ ಸದ್ದು ಆರಂಭವಾಗುತ್ತದೆ. ಮೊದಲ ಒಂದೆರಡು ಮಳೆಯನ್ನು ಕಾದ ನೆಲವೇ ಕುಡಿದುಬಿಡುವುದರಿಂದ ಅದು ನದಿಯನ್ನು ಮುಟ್ಟದು. ರೋಹಿಣಿ ಕಳೆದು ಮೃಗಶಿರೆಯ ಮಳೆ ಹಗಲಿರುಳು ಹಿಡಿದಾಗ, ಬೆಟ್ಟುಗದ್ದೆಯ ನೀರು ಮಜಲಿಗೆ, ಮಜಲಿನದು ಬೈಲಿಗೆ, ಬೈಲಿನದು ತೋಡಿಗೆ, ತೋಡಿನದು ಫಲ್ಗುಣಿಗೆ ಕೆಂಪಗೆ ಧುಮುಕುತ್ತದೆ. ಆ ಹೊಸ ನೀರಿನ ತಂಪು, ಅದರ ಕೆಸರಿನ ವಾಸನೆ, ಅದರ ಸೆಳೆತ, ಇವಿಷ್ಟೂ ಕೂಡಿ, ಬೇಸಗೆಯುದ್ದಕ್ಕೂ ಮಡುಗಳಲ್ಲಿ ಒತ್ತಾಗಿ ತಂಗಿದ್ದ ಮೀನುಗಳನ್ನು ಎಬ್ಬಿಸುತ್ತವೆ. ನೀರು ಯಾವ ದಾರಿಯಿಂದ ಇಳಿಯಿತೋ ಅದೇ ದಾರಿಯಿಂದ ಅವು ಏರಲಾರಂಭಿಸುತ್ತವೆ.

ಏರುವುದೇಕೆಂಬ ಪ್ರಶ್ನೆಗೆ ಉತ್ತರ ಗದ್ದೆಯಲ್ಲಿಯೇ ಇದೆ. ಜೂನ್ ತಿಂಗಳ ನದಿ ಮೊಟ್ಟೆಗೆ ತಕ್ಕ ಸ್ಥಳವಲ್ಲ. ಅಲ್ಲಿಯ ವೇಗವು ಮೊಟ್ಟೆಗಳನ್ನು ಒಂದೇ ದಿನದಲ್ಲಿ ಉಪ್ಪುನೀರಿಗೆ ತಳ್ಳೀತು. ಹೊಸದಾಗಿ ನೀರು ನಿಂತ ಗದ್ದೆಯಾದರೋ ಆಳವಿಲ್ಲದ್ದು, ಬೆಚ್ಚಗಿನದು, ಹಳೆಯ ಕೂಳೆ ಕೊಳೆತು ಸೂಕ್ಷ್ಮಜೀವಿಗಳು ಕೋಟ್ಯನುಕೋಟಿಯಾಗಿ ಹುಟ್ಟುವ ಸ್ಥಳ. ದೊಡ್ಡ ಮೀನುಗಳ ಉಪದ್ರವವೂ ಅಲ್ಲಿ ಕಡಿಮೆ. ಪಕ್ಕೆಯು ಗೂಡು ಕಟ್ಟುವುದಿಲ್ಲ, ಮರಿ ಕಾಯುವುದಿಲ್ಲ. ಹುಲ್ಲಿನ ಬುಡದಲ್ಲಿ ಹೆಣ್ಣು ಚೆಲ್ಲಿದ ಮೊಟ್ಟೆಗಳು ಒಂದೆರಡು ದಿನಗಳಲ್ಲಿಯೇ ಒಡೆದು ಮರಿಯಾಗುತ್ತವೆ. ತಾಯಿತಂದೆಗಳು ಬಂದ ಹಾಗೆಯೇ ಹಿಂದಿರುಗುತ್ತವೆ. ಏಣೆಲು ಬೆಳೆಯ ಪೈರಿನ ಜೊತೆಯಲ್ಲಿ ಮರಿಗಳೂ ಬೆಳೆದು, ಸೋಣ ಕಳೆದು ಗದ್ದೆಯ ನೀರು ಇಳಿಸುವ ಹೊತ್ತಿಗೆ ತೋಡಿನ ಮೂಲಕ ನದಿಗೆ ಸೇರುತ್ತವೆ. ಒಕ್ಕಲಿನ ತಿಂಗಳುಗಳೂ ಮೀನಿನ ತಿಂಗಳುಗಳೂ ಹೀಗೆ ಒಂದೇ ಆಗಿದ್ದವು. ಕಾಡು ಕಡಿದು ಬೈಲು ಮಾಡಿದ ಪೂರ್ವಿಕನು ತನಗೆ ಅಕ್ಕಿಯ ಗದ್ದೆಯನ್ನೇ ಉದ್ದೇಶಿಸಿದ್ದನಾದರೂ, ಅರಿಯದೆಯೇ ಮೀನಿಗೂ ಒಂದು ಸೂತಿಕಾಗೃಹವನ್ನು ಕಟ್ಟಿಕೊಟ್ಟನು.

ಅದರ ಬಾಡಿಗೆಯನ್ನೂ ವಸೂಲು ಮಾಡಿದನೆನ್ನಿ. ಉಬರಿನ ರಾತ್ರಿ ವೇಣೂರು, ಅಳದಂಗಡಿ, ಮೂಡುಬಿದಿರೆಗಳ ನಡುವಣ ಬೈಲುಗಳಲ್ಲಿ ಬೆಳಕು ಓಡಾಡುತ್ತಿತ್ತು. ಒಣಗಿದ ತೆಂಗಿನ ಮಡಲಿನ ತೂಟೆ ಹಿಡಿದು ಮುಂದೆ ಒಬ್ಬ. ಓಲೆಯ ಕೊರಂಬು ಹೊದೆದು ಕತ್ತಿಯನ್ನೋ ಬುಟ್ಟಿಯನ್ನೋ ಹಿಡಿದು ಹಿಂದೆ ಇಬ್ಬರು ಮೂವರು. ಮನೆಯಲ್ಲಿ ಮಲಗಲೊಲ್ಲದೆ ಹಿಂಬಾಲಿಸಿದ ಹುಡುಗರು. ದೊಡ್ಡ ಮುಗುಡನ್ನೂ ಮಡಂಜಿಯನ್ನೂ ಕತ್ತಿಯ ಬೆನ್ನಿನಿಂದ ಹೊಡೆದು ಹಿಡಿಯುವುದು ಬಲ್ಲವರ ಕೆಲಸ. ಪಕ್ಕೆಯಂಥ ಸಣ್ಣ ಮೀನಿಗೆ ಬಿದಿರೇ ಸಾಕು. ಗದ್ದೆಯ ಹುಣಿಯಲ್ಲಿ ನೀರು ಬೀಳುವ ಕಂಡಿಗೆ ಬಾಯಿಟ್ಟು ಕೂರಿಸುವ ಬಿದಿರಿನ ಸಾಧನವನ್ನು ಮಲೆನಾಡಿಗರು ಕೂಣಿ ಎನ್ನುತ್ತಾರೆ. ಅದರ ಯುಕ್ತಿಯೆಲ್ಲ ಬಾಯಿಯಲ್ಲಿದೆ: ನವುರಾಗಿ ಸೀಳಿದ ಬಿದಿರ ಕಡ್ಡಿಗಳನ್ನು ಒಳಮುಖವಾಗಿ ಕಿರಿದಾಗುತ್ತ ಹೋಗುವಂತೆ ಬಳ್ಳಿಯಿಂದ ಹೆಣೆದು, ಒಳತುದಿಗಳನ್ನು ಮಾತ್ರ ಬಿಗಿಯದೆ ಬಿಟ್ಟಿರುತ್ತಾರೆ. ಒಳನುಗ್ಗುವ ಮೀನಿಗೆ ಆ ತುದಿಗಳು ಬಳುಕಿ ದಾರಿ ಕೊಡುತ್ತವೆ. ಹೊರಬರುವ ಮೀನಿಗೆ ಅವೇ ಮುಳ್ಳಾಗಿ ಎದುರು ನಿಲ್ಲುತ್ತವೆ. ತುಳುವರ ಕುತ್ತರಿಯೂ ಈ ಬಿದಿರ ಕುಲದ್ದೇ. ಸಂಜೆ ಇಟ್ಟದ್ದನ್ನು ನಸುಕಿನಲ್ಲಿ ಎತ್ತಿ ಸಗಣಿ ಸಾರಿಸಿದ ಅಂಗಳದಲ್ಲಿ ಬಗ್ಗಿಸಿದರೆ, ಮೊಟ್ಟೆ ತುಂಬಿ ಹೊಟ್ಟೆ ಉಬ್ಬಿದ ಹೆಣ್ಣುಗಳೂ ಬೆನ್ನಿನ ಎಳೆ ಹರಿದ ಗಂಡುಗಳೂ ಒಂದರ ಮೇಲೊಂದು ಪಟಪಟನೆ ಹಾರುತ್ತಿದ್ದವು.

ಈ ಮೀನಿನ ಬೆಲೆಯನ್ನು ಅರಿಯಬೇಕಾದರೆ ಅಂದಿನ ವೇಣೂರು ಕಡಲಿನಿಂದ ಎಷ್ಟು ದೂರವಿತ್ತೆಂಬುದನ್ನು ನೆನೆಯಬೇಕು. ದೂರವೆಂದರೆ ಹರದಾರಿಯ ಲೆಕ್ಕವಲ್ಲ, ಮಳೆಗಾಲದ ಲೆಕ್ಕ. ಕಡಲು ಕೆರಳಿದೊಡನೆ ದೋಣಿಗಳು ದಡವೇರುತ್ತಿದ್ದವು, ಬೂತಾಯಿ ಬಂಗುಡೆಗಳು ಒಳನಾಡಿಗೆ ಬರುವುದು ನಿಂತುಹೋಗುತ್ತಿತ್ತು. ಹಳ್ಳ ತೋಡುಗಳು ತುಂಬಿ ಸಂತೆಯ ದಾರಿಯೂ ಕಡಿಯುತ್ತಿತ್ತು. ಅಕ್ಕಿಯ ಕಣಜ ತಳಕಾಣುವ ಆಟಿ ತಿಂಗಳು ಮುಂದಿದೆ, ಉಳುಮೆ ನಾಟಿಗಳ ಕಠಿನ ದುಡಿಮೆ ಹೆಗಲ ಮೇಲಿದೆ. ಅಂಥ ಹೊತ್ತಿನಲ್ಲಿ ತಾನಾಗಿ ಅಂಗಳದವರೆಗೆ ಈಜಿ ಬರುವ ಆಹಾರವನ್ನು ಬೇಡವೆನ್ನಲು ಒಕ್ಕಲಿಗೆ ಕಾರಣವಿರಲಿಲ್ಲ. ಆ ದಿನದ್ದು ಪುಳಿಮುಂಚಿಗೆ, ಮಿಕ್ಕದ್ದು ಒಲೆಯ ಮೇಲಿನ ಅಟ್ಟಕ್ಕೆ. ಹೊಗೆಯಲ್ಲಿ ಒಣಗಿದ್ದು ಆಟಿಯ ಗಂಜಿಗೆ. ಗೇಣಿಯನ್ನು ಅಕ್ಕಿಯ ಮುಡಿಗಳಲ್ಲಿ ಎಣಿಸುತ್ತಿದ್ದ ಆ ವ್ಯವಸ್ಥೆಯಲ್ಲಿ ನಾಲ್ಕಾರು ರಾತ್ರಿಗಳ ಈ ಬೆಳೆಗೆ ಅಂಕಣ ಹಾಕುವುದಾದರೂ ಹೇಗೆ? ದಾಖಲೆಗಳ ಮೌನಕ್ಕೆ ಇದೂ ಒಂದು ಕಾರಣವಿರಬೇಕು. ಮುಳ್ಳು ಹೆಚ್ಚೆಂದು ಪಕ್ಕೆಯನ್ನು ಹಳಿಯುವವರುಂಟು; ನಿಧಾನವಾಗಿ ಉಣ್ಣಬಲ್ಲವರು ಅದನ್ನು ಒಂದು ಗುಣವೆಂದೇ ಎಣಿಸುತ್ತಾರೆ.

ಇನ್ನು ಬರೆದವರ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕೆನರಾ ಕಂಪೆನಿಯ ವಶವಾದ ಮೇಲೆ, ಹೊಸ ಸೀಮೆಗಳ ಬೇಸಾಯ, ಕೈಗಾರಿಕೆ, ಜನಜೀವನಗಳನ್ನು ನೋಡಿ ಬರೆಯಲು ನಿಯುಕ್ತನಾದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಮಂಗಳೂರಿನಿಂದ ಬೆಳ್ತಂಗಡಿ, ಮೂಡುಬಿದಿರೆ, ಕಾರ್ಕಳಗಳ ಮಾರ್ಗವಾಗಿ ಸಾಗಿದನು. ಗದ್ದೆಯ ಬಗೆಗಳನ್ನೂ ಬಿತ್ತನೆಯ ಪ್ರಮಾಣವನ್ನೂ ಬಸದಿಗಳ ಸಂಗತಿಯನ್ನೂ ಆತನು ವಿಚಾರಿಸಿದ ಶ್ರದ್ಧೆ ಮೆಚ್ಚತಕ್ಕದ್ದು. ಆದರೆ ಆತನು ಬಂದದ್ದು ಬೇಸಗೆಯ ಮೊದಲಲ್ಲಿ, ಬೆಟ್ಟುಗದ್ದೆಗಳು ಬಿರಿಯುವ ಕಾಲದಲ್ಲಿ. ಉಬರಿಗೆ ಇನ್ನೂ ನಾಲ್ಕು ತಿಂಗಳಿತ್ತು. ಇದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥವನ್ನು ಪ್ರಕಟಿಸಿ, ಬಂಗಾಳದ ಗದ್ದೆ ಹೊಂಡಗಳ ಸಣ್ಣ ಮೀನುಗಳಿಗೆಲ್ಲ ಹೆಸರಿಟ್ಟನೆಂಬುದನ್ನು, ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಸಾಕುವ ಪಟ್ಟೆಪಟ್ಟೆಯ ಡೇನಿಯೋ ಮೀನು ಆತನ ಆ ಗ್ರಂಥದಲ್ಲಿಯೇ ಮೊದಲು ಕಾಣಿಸಿಕೊಂಡಿತೆಂಬುದನ್ನು ನೆನೆದಾಗ, ಆತನ ಪಯಣ ಜೂನಿಗೆ ಬಿದ್ದಿದ್ದರೆ ನಮ್ಮ ಬೈಲಿನ ಮೀನಿಗೂ ಎಂಥ ಲೇಖಕ ದೊರೆಯುತ್ತಿದ್ದನೆಂದು ಅನ್ನಿಸದಿರದು.

ಪಕ್ಕೆಗೆ ಶಾಸ್ತ್ರೀಯ ನಾಮಕರಣವಾದದ್ದು ಪ್ಯಾರಿಸ್ಸಿನಲ್ಲಿ. ಫ್ರಾನ್ಸಿನ ಸಂಚಾರಿ ವರ್ತಕ ದ್ಯುಸ್ಯುಮಿಯೇ ಮಲಬಾರಿನ ಅಲೆಪ್ಪಿಯಿಂದ ಒಯ್ದ ಮಾದರಿಗಳನ್ನು ನೋಡಿ, 1844ರಲ್ಲಿ ವಲಾಂಸಿಯೆನ್ ಎಂಬ ಪಂಡಿತನು ಬೆನ್ನಿನ ಆ ಎಳೆಗಳನ್ನೇ ಗುರುತಾಗಿ ಹಿಡಿದು ಹೆಸರಿಟ್ಟನು. ಐದು ವರ್ಷಗಳ ತರುವಾಯ, ಹಕ್ಕಿಗಳ ಶಾಸ್ತ್ರದಿಂದ ಖ್ಯಾತನಾದ ಮದರಾಸಿನ ಸೈನ್ಯದ ವೈದ್ಯ ಜೆರ್ಡನ್, ದಕ್ಷಿಣ ಭಾರತದ ಸಿಹಿನೀರ ಮೀನುಗಳನ್ನು ಮದರಾಸಿನ ಪತ್ರಿಕೆಯೊಂದರಲ್ಲಿ ವಿವರಿಸಿದಾಗ ಕೆನರಾದ ಹೊಳೆಗಳ ಜಾತಿಗಳೂ ಬೆಳಕಿಗೆ ಬಂದವು. ಮೇಲೆ ಹೇಳಿದ ನೀಲಿ ಚುಕ್ಕೆಯ ಮೀನು ಆತನದೇ ಶೋಧ. ಪಕ್ಕೆಯ ಕುಲನಾಮವು ಅಂದಿನಿಂದ ಹಲವು ಬಾರಿ ಬದಲಾಗಿ, 2012ರಲ್ಲಿ ಶ್ರೀಲಂಕೆಯ ಶಾಸ್ತ್ರಜ್ಞರ ಕೈಯಲ್ಲಿ ಡಾಕಿನ್ಸಿಯ ಆಯಿತು. ಜಗತ್ತಿಗೊಬ್ಬ ಸೃಷ್ಟಿಕರ್ತನಿದ್ದಾನೆಂಬ ಮಾತನ್ನು ಬಿಡದೆ ಖಂಡಿಸುವ ಜೀವಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸ್‌ನ ಗೌರವಾರ್ಥವಾಗಿ ಇಟ್ಟ ಹೆಸರದು. ಸೃಷ್ಟಿಕರ್ತನನ್ನು ಒಪ್ಪದ ದರ್ಶನಕ್ಕೆ ಸೇರಿದ ಬಾಹುಬಲಿಯ ಸಮೀಪದಲ್ಲಿ ಇದಕ್ಕಿಂತ ಯೋಗ್ಯವಾದ ಹೆಸರು ಈಜುವುದು ಕಷ್ಟ.

ದಕ್ಷಿಣ ಕೆನರಾದ ಮೀನಿನ ಇತಿಹಾಸದಲ್ಲಿ ಎಲ್ಲರಿಗಿಂತ ದೊಡ್ಡ ಪಾತ್ರ ಜಿಲ್ಲೆಯ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸನದು. ಗಾಳದ ಹುಚ್ಚಿನ ಈ ಅಧಿಕಾರಿ, ಕೈಕೆಳಗಿನ ನದಿಗಳಲ್ಲಿ ಮೀನಿನ ಸಂತತಿ ಕ್ಷೀಣಿಸುತ್ತಿರುವುದನ್ನು ಕಂಡು, ಮಡುಗಳಿಗೆ ವಿಷವಿಕ್ಕುವುದನ್ನೂ ಸಣ್ಣ ಕಣ್ಣಿನ ಬಲೆ ಬುಟ್ಟಿಗಳಿಂದ ಮರಿಗಳನ್ನು ಬಾಚುವುದನ್ನೂ ಆಕ್ಷೇಪಿಸಿ, ದಕ್ಷಿಣ ಕೆನರಾದ ಮತ್ಸ್ಯಸಂವರ್ಧನೆಯ ಕುರಿತು ಬರೆದ ವರದಿ 1870ರಲ್ಲಿ ಅಚ್ಚಾಯಿತು. 1873ರಲ್ಲಿ ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಆತನ ‘ದಿ ರಾಡ್ ಇನ್ ಇಂಡಿಯ’ ಹೊರಬಂದಿತು; ಭಾರತದ ಗಾಳಗಾರರು ಮುಂದೆ ಎರಡು ಪೀಳಿಗೆಗಳ ಕಾಲ ಪಾರಾಯಣ ಮಾಡಿದ ಪುಸ್ತಕ ಬಲ್ಮಠದ ಅಚ್ಚುಮೊಳೆಗಳಿಂದ ಬಂದುದೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದು. ಥಾಮಸನ ಮಿತ್ರನೂ, ಭಾರತದ ಮೀನುಗಳ ಮಹಾಗ್ರಂಥದ ಕರ್ತೃವೂ ಆದ ಫ್ರಾನ್ಸಿಸ್ ಡೇ ಈತನ ಹೆಸರನ್ನು ಎರಡು ಮೀನುಗಳಿಗೆ ಇಟ್ಟನು. ಒಂದು, ದಕ್ಷಿಣ ಕೆನರಾದ ಕೆಂಬಣ್ಣದ ದೊಡ್ಡ ಮೀನು. ಇನ್ನೊಂದು, ಮೇಲೆ ಪ್ರಸ್ತಾಪಿಸಿದ ಗಾಜುಮೈಯ ಪುಟ್ಟ ಮೀನು. ಈ ಎರಡನೆಯದರ ವಿಷಯದಲ್ಲಿ ಡೇ ಮಹಾಶಯನಿಗೆ ವಿನೋದಬುದ್ಧಿಯಿತ್ತೋ ಇಲ್ಲವೋ ಅರಿಯೆ. ಕಲೆಕ್ಟರನ ಹೆಸರಿನ ಮೀನಿನ ಒಳಗನ್ನೆಲ್ಲ ಹೊರಗಿನಿಂದಲೇ ನೋಡಬಹುದು.

ಥಾಮಸನ ವರದಿಯಲ್ಲಿ ದೂಷಿತನಾದ ಒಕ್ಕಲಿನ ಪಕ್ಷವನ್ನು ವಹಿಸುವವರು ಆಗ ಇರಲಿಲ್ಲ. ವಿಷದ ವಿಷಯದಲ್ಲಿ ದೂರು ನಿಜವೇ. ಬೇಸಗೆಯ ಕೊನೆಯಲ್ಲಿ ಮಡುಗಳಿಗೆ ಕಾರೆಕಾಯಿಯನ್ನು ಜಜ್ಜಿ ಕದಡುತ್ತಿದ್ದರು. ಕಾಕಮಾರಿಯ ಬೀಜ ಅದಕ್ಕಿಂತ ಉಗ್ರವೆಂದು ಬಲ್ಲವರು ಹೇಳುವುದುಂಟು, ಏಕೆಂದರೆ ಅದು ಕಿವಿರನ್ನಲ್ಲ, ನರಮಂಡಲವನ್ನೇ ಹಿಡಿಯತಕ್ಕದ್ದು. ಮೀನು ಮತ್ತೇರಿದಂತೆ ಮೇಲೆ ಬಂದು ಹೊರಳುತ್ತದೆ. ದೊಡ್ಡದನ್ನು ಆಯ್ದುಕೊಂಡು ಸಣ್ಣದನ್ನು ಕಾಗೆಗೆ ಬಿಡುತ್ತಾರೆ. ಇದನ್ನು ಯಾರೂ ಸಮರ್ಥಿಸಲಾರರು. ಆದರೆ ಉಬರಿನ ಕೂಣಿಯನ್ನು ಇದರ ಪಂಕ್ತಿಯಲ್ಲಿಯೇ ಕುಳ್ಳಿರಿಸಿದ್ದು ನನಗೆ ಒಪ್ಪಿಗೆಯಾಗದು. ಬೈಲಿನ ನೂರಾರು ಕಂಡಿಗಳಲ್ಲಿ ಕೂಣಿ ಕೂರುವುದು ಕೆಲವಕ್ಕೆ. ಉಬರು ಏಳುವುದು ರಾತ್ರಿ, ಜಡಿಮಳೆಯಲ್ಲಿ. ನಾಲ್ಕು ದಿನಗಳಲ್ಲಿ ಉಳುಮೆ ಎಲ್ಲರನ್ನೂ ಎಳೆದುಕೊಳ್ಳುತ್ತದೆ. ಥಾಮಸನ ಕಣ್ಣು ಇದ್ದದ್ದು ಗಾಳಗಾರರ ಪಾಲಿನ ಅರಸುಮೀನಾದ ಪೆರುವೊಳಿನ ಮೇಲೆ. ಸಣ್ಣ ಮೀನು ಆತನ ಲೆಕ್ಕದಲ್ಲಿ ಬಹುಮಟ್ಟಿಗೆ ಪೆರುವೊಳಿನ ಆಹಾರ. ಏನೇ ಇರಲಿ, ಆತನಂಥವರು ಎಬ್ಬಿಸಿದ ಚರ್ಚೆ ಹರಿದು ಹರಿದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಾಗಿ ನಿಂತಿತು. ನೀರಿಗೆ ವಿಷ ಹಾಕುವುದೂ ತೋಟೆ ಸಿಡಿಸುವುದೂ ಅಪರಾಧಗಳಾದವು.

ಪೆರುವೊಳಿಗೆ ಕಾಯಿದೆಗಿಂತ ಹಳೆಯ ರಕ್ಷಣೆಯೂ ಇತ್ತು. ಇದೇ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ನದಿಯ ದಡದ ಶಿಶಿಲೇಶ್ವರ ದೇವಾಲಯದ ಮಡುವಿನಲ್ಲಿ, ದೇವರ ಮೀನುಗಳೆಂದು ಜನ ಅಕ್ಕಿ ಚೆಲ್ಲುವುದು ಪೆರುವೊಳುಗಳಿಗೆ. 1996ರಲ್ಲಿ ದುರುಳರು ಆ ಮಡುವಿಗೆ ವಿಷವಿಕ್ಕಿದಾಗ ಸೀಮೆಯೇ ಮರುಗಿತು. ಸತ್ತ ಮೀನುಗಳಿಗಾಗಿ ಸ್ಮಾರಕವೊಂದೆದ್ದಿತು. ಮಂಗಳೂರಿನ ಬಡಗಣ ಚೇಳ್ಯಾರು ಖಂಡಿಗೆಯಲ್ಲಿ ಧರ್ಮರಸು ಉಳ್ಳಾಯನ ಅಪ್ಪಣೆ ಪಡೆದು ಮೇ ತಿಂಗಳ ಸಂಕ್ರಮಣದಂದು ಊರೂರಿನವರು ನಂದಿನೀ ನದಿಗಿಳಿದು ಮೀನು ಹಿಡಿಯುವ ಜಾತ್ರೆಯಾದರೋ ಇನ್ನೊಂದು ತೆರನಾದ ಕಟ್ಟಳೆ. ಒಂದು ಕಡೆ ಹಿಡಿಯಲೇ ಕೂಡದು, ಇನ್ನೊಂದು ಕಡೆ ಒಂದು ದಿನ ಎಲ್ಲರೂ ಹಿಡಿಯಬೇಕು. ಪಕ್ಕೆಗೆ ಇಂಥ ದೇವರೂ ದೈವವೂ ದೊರೆಯಲಿಲ್ಲ. ಶಿಶಿಲದ ಮಡುವಿನಲ್ಲಿಯೂ ಪೆರುವೊಳುಗಳ ಸಂದಿಯಲ್ಲಿ ನುಸುಳಿ ಅಕ್ಕಿಯ ನುಚ್ಚನ್ನು ಕದಿಯುವ ಸಣ್ಣ ಮೀನುಗಳಿವೆ. ಭಕ್ತರು ಅವನ್ನು ಎಣಿಸುವುದಿಲ್ಲ.

ಪಕ್ಕೆಯನ್ನು ಕಾದದ್ದು ಗದ್ದೆ. ಆ ಗದ್ದೆಯೇ ಕಳೆದ ಐವತ್ತು ವರ್ಷಗಳಲ್ಲಿ ಕರಗಿತು. ಭೂಸುಧಾರಣೆಯಿಂದ ಗೇಣಿದಾರನು ಒಡೆಯನಾದುದು ನ್ಯಾಯ. ಒಡೆಯನಾದವನು ಆಳಿನ ಅಭಾವವನ್ನೂ ಅಕ್ಕಿಯ ಬೆಲೆಯನ್ನೂ ತೂಗಿ ನೋಡಿ ಬೈಲಿಗೆ ಅಡಕೆಯ ಸಸಿ ನೆಟ್ಟುದು ವಿವೇಕ. ಗದ್ದೆಯಿದ್ದಲ್ಲಿ ನೀರು ನಿಲ್ಲಬೇಕು. ತೋಟವಾದಲ್ಲಿ ನೀರು ಬಸಿಯಬೇಕು. ಆಳವಾದ ಕಣಿಗಳಲ್ಲಿ ಮಳೆಯ ನೀರು ಗಳಿಗೆಗಳಲ್ಲಿ ತೋಡಿಗಿಳಿಯುತ್ತದೆ. ಏರಿ ಬಂದ ಹಿಂಡಿಗೆ ಹರಡಿಕೊಳ್ಳಲು ಎಡೆಯೇ ಇಲ್ಲ. ಇದಕ್ಕೆ ಮೈಲುತುತ್ತು ಕೂಡಿತು. 1910ರ ಸುಮಾರಿನಲ್ಲಿ ಮೈಸೂರಿನ ಲೆಸ್ಲಿ ಕೋಲ್ಮನ್ನನು ಅಡಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಬೋರ್ಡೋ ದ್ರಾವಣವನ್ನು ಮದ್ದೆಂದು ತೋರಿಸಿಕೊಟ್ಟದ್ದು ಅಡಕೆಯವರ ಪಾಲಿಗೆ ಪುನರ್ಜನ್ಮವೇ ಸರಿ. ಆದರೆ ಮದ್ದು ಬಿಡುವ ಮೊದಲ ಸರದಿ ಬರುವುದು ಮಳೆ ಹಿಡಿಯುವ ಹೊತ್ತಿಗೆ, ಉಬರು ಏಳುವ ವಾರಗಳಿಗೆ ತೀರ ಹತ್ತಿರ. ಗೊನೆಯಿಂದ ತೊಳೆದು ಇಳಿದ ತಾಮ್ರ ಕಣಿಯ ನೀರಿನಲ್ಲಿ ಬೆರೆಯುತ್ತದೆ. ಮೀನಿನ ಕಿವಿರಿಗೂ ಮರಿಗೂ ತಾಮ್ರ ಅಲ್ಪಪ್ರಮಾಣದಲ್ಲಿಯೇ ಹಗೆ. ಕಾರೆಕಾಯಿ ಕದಡಿದವನಿಗೆ ದಂಡ ವಿಧಿಸುವ ಕಾಯಿದೆ ಇದಕ್ಕೆ ತಟ್ಟದು. ತಟ್ಟಬೇಕೆಂದು ನಾನು ಹೇಳುವುದೂ ಇಲ್ಲ, ಕೊಳೆರೋಗ ಬಂದ ತೋಟದ ದುಃಖವನ್ನು ನೋಡಿದವರು ಹಾಗೆ ಹೇಳಲಾರರು.

ಇಷ್ಟಾದರೂ ಉಬರು ಪೂರ್ತಿ ಅಳಿದಿಲ್ಲ. ವೇಣೂರಿನ ಸುತ್ತಮುತ್ತ ಏಣೆಲು ಬೇಸಾಯ ಬಿಡದ ಬೈಲುಗಳು ಕೆಲವು ಉಳಿದಿವೆ, ಅವುಗಳಿಗೆ ಪಕ್ಕೆಯೂ ಮುಗುಡೂ ಈಗಲೂ ಏರುತ್ತವೆ. ತೂಟೆಯ ಬದಲು ಹಣೆಗೆ ಕಟ್ಟಿದ ಬ್ಯಾಟರಿ ದೀಪಗಳು ಓಡಾಡುತ್ತವೆ. ಪೇಟೆಯ ಗಾಜಿನ ತೊಟ್ಟಿಗಳಲ್ಲಿಯೂ ಪಕ್ಕೆ ಬೆಲೆಬಾಳುತ್ತದೆ. ಈಗ ಹಿಂಡಿನ ಭವಿಷ್ಯವನ್ನು ನಿಶ್ಚಯಿಸುವುದು ಬಹುಮಟ್ಟಿಗೆ ಒಂದು ಹಲಗೆ. ಹಿಂದೆ ಸುಗ್ಗಿ, ಕೊಳಕೆ ಬೆಳೆಗಳಿಗಾಗಿ ತೋಡುಗಳಿಗೆ ಅಡ್ಡಲಾಗಿ ಮಣ್ಣು, ಕಲ್ಲು, ಸೊಪ್ಪುಗಳ ಕಟ್ಟ ಕಟ್ಟುತ್ತಿದ್ದರು. ಮೊದಲ ದೊಡ್ಡ ಮಳೆಗೆ ಅದು ತಾನೇ ಕೊಚ್ಚಿಹೋಗಿ ಮೀನಿಗೆ ದಾರಿ ತೆರೆಯುತ್ತಿತ್ತು. ಈಗ ಅದರ ಸ್ಥಾನದಲ್ಲಿ ಸಿಮೆಂಟಿನ ಕಿಂಡಿ ಅಣೆಕಟ್ಟುಗಳು ಬಂದಿವೆ. ಕಿಂಡಿಗಳಿಗೆ ಚಳಿಗಾಲದಲ್ಲಿ ಇಳಿಸಿದ ಹಲಗೆಗಳನ್ನು ಮಳೆಗೆ ಮೊದಲು ಮನುಷ್ಯರೇ ಎತ್ತಬೇಕು. ಪತ್ತನಾಜೆಯ ಒಳಗೆ ಎತ್ತಿದರೆ ಆ ವರ್ಷ ಮೇಲಿನ ಬೈಲುಗಳಲ್ಲಿ ಮರಿಗಳಾಗುತ್ತವೆ. ಮೃಗಶಿರೆ ಹಿಡಿದ ಮೇಲೆ ಎತ್ತಿದರೆ, ಮೊಟ್ಟೆ ತುಂಬಿದ ಪಕ್ಕೆಗಳು ಕಿಂಡಿಯ ಕೆಳಗೆ ಗುಂಪುಗೂಡಿ ಹಾರಿ ಹಾರಿ ಬೀಳುತ್ತಿರುತ್ತವೆ, ಬುಟ್ಟಿ ಹಿಡಿದವರು ಅಲ್ಲಿಯೇ ನಿಂತಿರುತ್ತಾರೆ.